ಅಜ್ಜನ ಶನಿವಾರದ ಪಾಠ

ಪದ್ಮನಾಭನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ. ತೊಂಬತ್ತರ ದಶಕದ ನಡುವಿನ ವರ್ಷಗಳು. ಸೈಟುಗಳಲ್ಲಿ ಪಾರ್ಥೇನಿಯಂ ಸೊಂಟದ ಮಟ್ಟ ಬೆಳೆದಿರುತ್ತಿತ್ತು. ಅದರ ನಡುವೆ ನಾವೇ ತುಳಿದು ತುಳಿದು ಸವೆಸಿದ ಒಂದು ಚೌಕ, ಲಗೋರಿಗೂ ಅದೇ, ಕ್ರಿಕೆಟ್ಟಿಗೂ ಅದೇ. ಆಡಿ ಬಂದ ಮೇಲೆ ಕಾಲೆಲ್ಲ ನವೆ. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಬಂದ ಮಕ್ಕಳೆಲ್ಲ ಗಬಗಬ ಉಂಡು ಅಲ್ಲಿಗೆ ಓಡುತ್ತಿದ್ದರು. ನಾನು ಮತ್ತು ನನ್ನ ತಮ್ಮ ಬೆನ್ನಿ ಮಾತ್ರ ಮಹಡಿ ಮನೆಯ ಹಾಲಿನಲ್ಲಿ, ಅಜ್ಜನ ಮುಂದೆ, ಚಾಪೆಯ ಮೇಲೆ ಕೂತಿರಬೇಕಿತ್ತು.

ನಾವು ಯಹೂದಿಗಳು. ಕೊಂಕಣ ತೀರದಲ್ಲಿ ತಲೆಮಾರುಗಳಿಂದ ಇದ್ದ ಮನೆತನ. ಅಜ್ಜ ರೈಲ್ವೆ ನೌಕರಿ ಹಿಡಿದು ಹುಬ್ಬಳ್ಳಿ ಸೇರಿದರು. ಅಪ್ಪನಿಗೆ ಬನ್ನೇರುಘಟ್ಟ ರಸ್ತೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಎಲ್ಲರೂ ಬೆಂಗಳೂರಿಗೆ ಬಂದೆವು. ಕೆಳಗಿನ ಮನೆಯ ಗೌರಮ್ಮ ಆಂಟಿ ನಮ್ಮ ಓನರ್. ಅವರ ಯಜಮಾನರಾದ ಗೌಡರ ರಾಗಿ ಹೊಲ ಲೇಔಟ್ ಆಗಿ ಹೋಗಿ, ಉಳಿದ ತುಂಡಿನ ಮೇಲೆ ಕಟ್ಟಿದ ಮನೆ ಅದು. ಆಂಟಿ ಬಹಳ ವರ್ಷ ನಮ್ಮನ್ನು ಕ್ರಿಶ್ಚಿಯನ್ನರು ಅಂತಲೇ ತಿಳಿದಿದ್ದರು. ಡಿಸೆಂಬರ್ ಬಂದರೆ ಈ ಸಲವಾದರೂ ನಕ್ಷತ್ರ ಕಟ್ಟುತ್ತೀರಾ ಅಂತ ಕೇಳುತ್ತಿದ್ದರು. ಅಮ್ಮ ವಿವರಿಸಿ ವಿವರಿಸಿ ಸಾಕಾಗಿ, ನಕ್ಕು ಸುಮ್ಮನಾಗುತ್ತಿದ್ದರು.

ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಸೂರ್ಯ ಮುಳುಗುವವರೆಗೆ ನಮಗೆ ವಿಶ್ರಾಂತಿಯ ದಿನ, ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಶುಕ್ರವಾರ ಸಂಜೆಯೊಳಗೆ ಅಮ್ಮ ಎಲ್ಲ ಮಾಡಿ ಮುಚ್ಚಿಡುತ್ತಿದ್ದರು: ತೆಂಗಿನ ಹಾಲಿನ ಕೋಳಿ ಸಾರು, ಬಟ್ಟೆಯಲ್ಲಿ ಸುತ್ತಿದ ಚಪಾತಿ, ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತು. ಮರುದಿನ ಅದನ್ನೇ ತಣ್ಣಗೆ ಉಂಡು, ಕೈಯಲ್ಲಿ ಇನ್ನೂ ಸಾರಿನ ವಾಸನೆ ಇರುವಾಗಲೇ ಪಾಠಕ್ಕೆ ಕೂರುವುದು. ನಮ್ಮ ಧರ್ಮಗ್ರಂಥ ತೋರಾ. ಅದನ್ನು ವರ್ಷಕ್ಕೊಮ್ಮೆ ಓದಿ ಮುಗಿಸುವ ಹಾಗೆ ವಾರಕ್ಕೊಂದು ಭಾಗ ಮಾಡಿ ಹಂಚಿರುತ್ತಾರೆ. ಈ ಊರಲ್ಲಿ ನಮಗೆ ಪ್ರಾರ್ಥನಾ ಮಂದಿರ ಇರಲಿಲ್ಲ, ಹಾಗಾಗಿ ಅಜ್ಜನೇ ಮೊದಲು ಹೀಬ್ರೂವಿನಲ್ಲಿ ರಾಗವಾಗಿ ಓದಿ, ಆಮೇಲೆ ತಮ್ಮ ಹುಬ್ಬಳ್ಳಿ ಕನ್ನಡದಲ್ಲಿ ಕಥೆ ಹೇಳುತ್ತಿದ್ದರು. ಕೊನೆಯಲ್ಲಿ ಒಂದು ಪ್ರಶ್ನೆ: ಇದರಾಗ ನಮಗೇನು ಪಾಠ ಐತಿ? ಸರಿಯಾಗಿ ಹೇಳಿದವರಿಗೆ ಪೆಪ್ಪರಮಿಂಟು. ಉತ್ತರ ಹೆಚ್ಚುಕಡಿಮೆ ಯಾವಾಗಲೂ ಒಂದೇ. ದೇವರನ್ನು ನಂಬಬೇಕು, ಹೇಳಿದ ಮಾತು ಕೇಳಬೇಕು. ಬೆನ್ನಿ ಕಥೆ ಮುಗಿಯುವ ಮುಂಚೆಯೇ ಅದನ್ನು ಹೇಳಿ ಕೈ ಚಾಚುತ್ತಿದ್ದ.

ಬೆನ್ನಿಗೆ ಆಗ ಆರು ವರ್ಷ, ನನಗಿಂತ ನಾಲ್ಕು ವರ್ಷ ಚಿಕ್ಕವನು. ಹುಟ್ಟಿದಾಗಲೇ ಅವನ ಹೃದಯದಲ್ಲಿ ತೂತಿತ್ತು. ಸ್ವಲ್ಪ ಓಡಿದರೂ ತುಟಿ ನೇರಳೆ ಹಣ್ಣು ತಿಂದವನ ಹಾಗಾಗಿ, ಇದ್ದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದ. ಬೀದಿಯ ಹುಡುಗರು ಅವನನ್ನು ಅಂಪೈರ್ ಮಾಡಿದ್ದರು. ಔಟ್ ಕೊಟ್ಟರೆ ಯಾರೂ ಜಗಳ ಆಡುತ್ತಿರಲಿಲ್ಲ. ಅವನಿಗೆ ಅದು ಅನುಕಂಪ ಅಂತ ಗೊತ್ತಿರಲಿಲ್ಲ, ತನ್ನ ಅಂಪೈರಿಂಗೇ ಸಖತ್ತಾಗಿದೆ ಅಂದುಕೊಂಡಿದ್ದ.

ಆ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ, ಬೆನ್ನಿಯನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರು ಆಪರೇಷನ್ನಿಗೆ ಡೇಟು ಕೊಟ್ಟರು. ಮಾಡಿಸದಿದ್ದರೆ ಹೆಚ್ಚು ವರ್ಷ ಇಲ್ಲ, ಮಾಡಿಸಿದರೂ ಗ್ಯಾರಂಟಿ ಕೊಡಲಾರೆ ಅಂದರಂತೆ. ಅಪ್ಪ ಅಜ್ಜನನ್ನು ಕೇಳಿದರು. ಅಪ್ಪ ಯಾವತ್ತೂ ಹಾಗೆಯೇ, ಮೇಜು ಕೊಳ್ಳುವುದಿದ್ದರೂ ಅಜ್ಜನನ್ನು ಕೇಳಿಯೇ. ಅಜ್ಜ ಆ ಸಂಜೆಯೆಲ್ಲ ಬಾಲ್ಕನಿಯಲ್ಲಿ ಒಬ್ಬರೇ ಕೂತಿದ್ದು, ಆಮೇಲೆ ಒಳಗೆ ಬಂದು, ಮಾಡಸು, ದೇವರು ಅದಾನ ಅಂದರು. ಅಮ್ಮ ಚಪಾತಿ ಲಟ್ಟಿಸುತ್ತಿದ್ದರು. ಹುಡುಗ ಇನ್ನೂ ಸಣಕಲ, ಸಂಕ್ರಾಂತಿಯವರೆಗೆ ನೋಡೋಣ, ಸ್ವಲ್ಪ ಮೈ ತುಂಬಲಿ ಅಂತ ಅಪ್ಪನಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಅಪ್ಪಾರು ಹೇಳ್ಯಾರಲ್ಲ ಅಂದರು ಅಪ್ಪ. ಅಮ್ಮ ಮತ್ತೆ ಲಟ್ಟಣಿಗೆ ಹಿಡಿದರು. ಆ ರಾತ್ರಿಯ ಚಪಾತಿಗಳು ಒಂದೊಂದೂ ಒಂದೊಂದು ಆಕಾರಕ್ಕೆ ಬಂದಿದ್ದವು.

ಅಡ್ಮಿಟ್ ಮಾಡುವ ಮುಂಚಿನ ಶನಿವಾರ ಓದಬೇಕಾಗಿ ಬಂದದ್ದು ಅಬ್ರಹಾಮ ತನ್ನ ಮಗ ಇಸಾಕನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದುಕೊಂಡು ಹೋಗುವ ಭಾಗ. ಅಜ್ಜ ಅದನ್ನು ಆರಿಸಿಕೊಂಡದ್ದಲ್ಲ, ಆ ವಾರಕ್ಕೆ ಇದ್ದದ್ದೇ ಅದು. ದೇವರು ಮಗನನ್ನು ಕೊಡು ಅಂದ, ಅಬ್ರಹಾಮ ಬೆಳಿಗ್ಗೆ ಎದ್ದು ಹೊರಟ. ದಾರಿಯಲ್ಲಿ ಮಗ ಕೇಳಿದ: ಬೆಂಕಿ ಇದೆ, ಕಟ್ಟಿಗೆ ಇದೆ, ಬಲಿಗೆ ಕುರಿ ಎಲ್ಲಿ? ದೇವರೇ ನೋಡಿಕೊಳ್ಳುತ್ತಾನೆ ಅಂದ ಅಪ್ಪ. ಕತ್ತಿ ಎತ್ತಿದಾಗ ದೇವದೂತ ತಡೆದ, ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡ ಟಗರೊಂದು ಕಂಡಿತು, ಮಗನ ಬದಲು ಅದೇ ಬಲಿಯಾಯಿತು. ಟಗರು ಬರುವ ಕಡೆ ಬೆನ್ನಿ ತಾನೇ ಬ್ಯಾ ಅಂತ ಕೂಗಬೇಕು, ಅದು ಪ್ರತಿ ವರ್ಷದ ಪದ್ಧತಿ. ಆ ಸಲವೂ ಕೂಗಿದ. ಅಜ್ಜ ನಗಲಿಲ್ಲ. "ಮೊದಲಿಗೆ ಮಾತು ಕೇಳಬೇಕು. ಟಗರು ಆಮ್ಯಾಲ ಬರ್ತದ" ಅಂದರು. ಪ್ರಶ್ನೆ ಕೇಳದೆಯೇ ಇಬ್ಬರಿಗೂ ಪೆಪ್ಪರಮಿಂಟು ಕೊಟ್ಟರು.

ಭಾನುವಾರ ಅಮ್ಮ ಮಲಿದಾ ಮಾಡಿದರು. ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ ಬೆರೆಸಿ, ಮೇಲೆ ಹಣ್ಣು ಜೋಡಿಸಿ ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ನಾವು ಹರಕೆ ಹೊರುವ ಸಿಹಿ. ಮನೆಯೆಲ್ಲ ಏಲಕ್ಕಿಯ ಘಮ. ಸಂಜೆ ಗೌರಮ್ಮ ಆಂಟಿ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದವರು ಕುಂಕುಮದ ಪೊಟ್ಟಣ ತಂದುಕೊಟ್ಟರು. "ಮಗೀನ ತಲೆದಿಂಬಿನ ಕೆಳಗೆ ಮಡುಗವ್ವ" ಅಂದರು. ನಮ್ಮಲ್ಲಿ ಅದು ಸಲ್ಲದು. ಅಮ್ಮ ಅದನ್ನು ಬೆನ್ನಿಯ ದಿಂಬಿನ ಕೆಳಗೆ ತೂರಿಸುವಾಗ ಬಾಗಿಲಲ್ಲಿ ಅಜ್ಜ ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಜ್ಜ ಕೆಮ್ಮಿ, ತಿರುಗಿ, ಬಾಲ್ಕನಿಗೆ ಹೋದರು.

ಸೋಮವಾರ ಆಟೋದಲ್ಲಿ ಆಸ್ಪತ್ರೆಗೆ ಹೊರಟೆವು. ಅಪ್ಪ, ಅಮ್ಮ, ನಾನು, ಅಪ್ಪನ ತೊಡೆಯ ಮೇಲೆ ಬೆನ್ನಿ. ಹಬ್ಬಕ್ಕೆ ಇನ್ನೂ ದಿನವಿದ್ದರೂ ಅಲ್ಲಲ್ಲಿ ಪಟಾಕಿ ಹೊಡೆಯುತ್ತಿದ್ದರು, ಗಾಳಿಯಲ್ಲಿ ಮದ್ದಿನ ವಾಸನೆ. ಬೆನ್ನಿಗೆ ಪಟಾಕಿ ಸದ್ದೆಂದರೆ ಭಯ, ಕಿವಿ ಮುಚ್ಚಿಕೊಂಡಿದ್ದ. ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಕೈ ತೆಗೆದು, ಏನೋ ನೆನಪಾದವನ ಹಾಗೆ ಕೇಳಿದ:

"ಅಪ್ಪಾ, ಅಲ್ಲಿ ಟಗರು ಇರುತ್ತಾ?"

ಸಿಗ್ನಲ್ ಬಿಟ್ಟು ಆಟೋ ಹೊರಟ ಮೇಲೆ ಅಪ್ಪ, ಬೆನ್ನಿಯ ತಲೆಯ ಮೇಲೆ ಗದ್ದ ಊರಿ, "ಇರುತ್ತೆ ಮಗಾ" ಅಂದರು. ಅಮ್ಮ ಹೊರಗೆ ನೋಡುತ್ತಿದ್ದರು. ನಾನು ಅಮ್ಮನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದೆ. ಹತ್ತು ವರ್ಷದವಳಿಗೆ ಬೇರೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ.

ಬೆನ್ನಿಯನ್ನು ಸೇರಿಸಿದ ಮೇಲೆ ನನ್ನನ್ನು ಗೌರಮ್ಮ ಆಂಟಿಯ ಹತ್ತಿರ ತಂದು ಬಿಟ್ಟರು. ಬುಧವಾರ ಆಪರೇಷನ್ ಆಯಿತು. ಚೆನ್ನಾಗಿ ಆಯಿತು ಅಂತಲೇ ಗೌರಮ್ಮ ಆಂಟಿಯ ಮನೆಗೆ ಫೋನು ಬಂತು. ಆಂಟಿ ನನ್ನ ಬಾಯಿಗೆ ಸಕ್ಕರೆ ಹಾಕಿದರು. ಗುರುವಾರ ಜ್ವರ ಏರಿದೆ ಅಂದರು. ಶುಕ್ರವಾರ ಬೆಳಿಗ್ಗೆ ನಾನು ಸ್ಕೂಲಿಗೆ ಆಂಟಿಯ ಕೈಯಲ್ಲಿ ಜಡೆ ಹಾಕಿಸಿಕೊಳ್ಳುತ್ತಿದ್ದಾಗ ಮತ್ತೆ ಫೋನು ಬಂತು. ಆಂಟಿ ಒಳಗೆ ಹೋಗಿ ಮಾತಾಡಿ ಬಂದರು. ಬಾಚಣಿಗೆ ಕೆಳಗಿಟ್ಟು, ಅರ್ಧ ಹಾಕಿದ ಜಡೆಯನ್ನು ಹಾಗೇ ಹಿಡಿದುಕೊಂಡು ನನ್ನ ಹಿಂದೆ ಕೂತರು.

ನಮ್ಮಲ್ಲಿ ಶುಕ್ರವಾರ ಸೂರ್ಯ ಮುಳುಗುವುದರೊಳಗೆ ಮಣ್ಣು ಮಾಡಿ ಮುಗಿಸಬೇಕು. ಹುಬ್ಬಳ್ಳಿಯಿಂದ, ಮುಂಬೈಯಿಂದ ಯಾರೂ ಬಂದು ಮುಟ್ಟುವ ಹಾಗಿರಲಿಲ್ಲ. ಮೈಸೂರು ರಸ್ತೆಯ ಕಡೆ ನಮ್ಮವರ ಪುಟ್ಟ ಸ್ಮಶಾನವಿದೆ. ಹೆಂಗಸರು ಹೋಗುವ ರೂಢಿ ಇಲ್ಲ, ಆದರೆ ಅಪ್ಪ ನನ್ನ ಕೈ ಬಿಡಲಿಲ್ಲ, ಹಾಗಾಗಿ ನಾನೂ ಹೋದೆ. ಕೊನೆಯ ಪ್ರಾರ್ಥನೆಗೆ ನಮ್ಮ ಜನರ ಹತ್ತು ಗಂಡಸರು ಇರಬೇಕು. ಅದು ಕಟ್ಟುನಿಟ್ಟು. ಹತ್ತು ಜನ ಇಲ್ಲವೆಂದೇ ಅಜ್ಜ ತೀರಿಕೊಂಡ ಹೆಂಡತಿಯ ವಾರ್ಷಿಕ ದಿನದಂದು ಕೂಡ ಎಷ್ಟೋ ವರ್ಷ ಆ ಪ್ರಾರ್ಥನೆ ಹೇಳದೆ ಬಿಟ್ಟವರು. ಅಂದು ಬಂದಿದ್ದ ನಮ್ಮವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಅಪ್ಪನ ಕಾರ್ಖಾನೆಯವರು, ನಮ್ಮ ಬೀದಿಯವರು. ಗೌರಮ್ಮ ಆಂಟಿಯ ಯಜಮಾನರು ಚಪ್ಪಲಿ ಬಿಟ್ಟು ಮುಂದೆ ಬಂದು, "ಏನೋ ಜನ ಸಾಲ್ದು ಅಂತಿದ್ರು. ನಾವು ನಿಂತ್ಕೊಂಡ್ರೆ ಆಗಲ್ವಾ ಯಜಮಾನ್ರೇ?" ಅಂತ ಕೇಳಿದರು.

ಅಜ್ಜ ಅವರ ಮುಖ ನೋಡಿದರು. ಹತ್ತಿರದಲ್ಲಿದ್ದ ನಮ್ಮ ಸಂಬಂಧಿಕರೊಬ್ಬರು ಏನೋ ಹೇಳಲು ಬಾಯಿ ತೆರೆದರು. ಅಜ್ಜ ಕೈಯೆತ್ತಿ ಅವರನ್ನು ತಡೆದು, "ಬರ್ರಿ, ನಿಲ್ಲರಿ" ಅಂದರು. ಬದುಕಿಡೀ ಒಂದು ಅಕ್ಷರ ಮೀರದ ಮನುಷ್ಯ, ರಾಗಿ ಬೆಳೆದ ಗೌಡರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆ ಪ್ರಾರ್ಥನೆ ಹೇಳಿದರು. ಹೇಳುವಾಗ ಅವರ ಟೋಪಿ ಗಾಳಿಗೆ ಹಾರಿತು. ಗೌಡರೇ ಎತ್ತಿ, ಧೂಳು ಕೊಡವಿ, ಅಜ್ಜನ ತಲೆಯ ಮೇಲಿಟ್ಟರು.

ಅದಾದ ಮೇಲೂ ಶನಿವಾರದ ಓದು ನಿಲ್ಲಲಿಲ್ಲ. ಚಾಪೆಯ ಮೇಲೆ ನಾನೊಬ್ಬಳೇ. ಅಜ್ಜ ಕಥೆ ಹೇಳುತ್ತಿದ್ದರು, ಪಾಠ ಏನು ಅಂತ ಕೇಳುವುದನ್ನು ಬಿಟ್ಟರು. ಒಂದು ವರ್ಷ ತಿರುಗಿ ಮತ್ತೆ ಇಸಾಕನ ಭಾಗ ಬಂತು. ಅಜ್ಜ ಆ ಪುಟ ಬಿಟ್ಟು ಮುಂದೆ ಹೋಗಬಹುದು ಅಂದುಕೊಂಡಿದ್ದೆ, ಹೋಗಬಾರದೇ ಅಂತ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವರು ಓದಲು ಶುರು ಮಾಡಿದರು. ಅಬ್ರಹಾಮ ಬೆಳಿಗ್ಗೆ ಎದ್ದು ಹೊರಟ ಅನ್ನುವಲ್ಲಿಗೆ ಬಂದಾಗ, ಯಾವತ್ತೂ ಪಾಠದ ಹೊತ್ತಿಗೆ ಈಚೆ ಬಾರದ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಮಾವಾರ, ಹೊಂಟಾಗ ಆ ಹುಡುಗನ ತಾಯಿನ್ನ ಯಾರರ ಕೇಳಿದ್ರೇನ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ ಹಾಗಿತ್ತು. ಅಜ್ಜ ಪುಸ್ತಕದಲ್ಲಿ ಹುಡುಕುವವರಂತೆ ಹಿಂದಿನ ಪುಟ ತಿರುವಿದರು, ಮತ್ತೆ ಮುಂದಿನ ಪುಟ ತಿರುವಿದರು. ಎಪ್ಪತ್ತು ದಾಟಿದ, ಆ ಗ್ರಂಥವನ್ನು ಬಾಯಿಪಾಠ ಬಲ್ಲ ಮನುಷ್ಯ. ಕೊನೆಗೆ ಕನ್ನಡಕ ತೆಗೆದರು.

"ಇಲ್ಲವ್ವಾ" ಅಂದರು. "ಯಾರೂ ಕೇಳ್ಲಿಲ್ಲ."

ಅಮ್ಮ ಬಂದು ಚಾಪೆಯ ಮೇಲೆ ನನ್ನ ಪಕ್ಕ ಕೂತರು. ಅಜ್ಜ ಕನ್ನಡಕ ಹಾಕಿಕೊಂಡು ಉಳಿದದ್ದನ್ನು ಓದಿದರು. ಹೊರಗೆ ಸೈಟಿನಲ್ಲಿ ಹುಡುಗರು ಔಟೋ ಅಲ್ಲವೋ ಅಂತ ಕಿತ್ತಾಡುತ್ತಿದ್ದರು.

ಆ ಸೈಟುಗಳಲ್ಲೆಲ್ಲ ಈಗ ಮೂರು ಮೂರು ಅಂತಸ್ತಿನ ಮನೆಗಳು. ಅಜ್ಜ ಹೋಗಿ ಬಹಳ ವರ್ಷವಾಯಿತು, ಅವರ ಹಿಂದೆ ಅಪ್ಪನೂ ಹೋದರು. ಗ್ರಂಥ ನನ್ನ ಬೀರುವಿನಲ್ಲಿದೆ, ಓದಲು ಬರುವವರಿಲ್ಲ. ಅಜ್ಜನಿದ್ದಾಗ ನಮ್ಮ ಮನೆಯಲ್ಲಿ ಪ್ರತಿ ವಾರಕ್ಕೂ ಆ ವಾರ ಓದುವ ಭಾಗದ ಹೆಸರೇ ಇರುತ್ತಿತ್ತು, ಇದು ನೋಹನ ವಾರ, ಇದು ಸಾರಳ ವಾರ ಅಂತ. ಈಗ ವಾರಗಳು ಹೆಸರಿಲ್ಲದೆ ಬಂದು ಹೋಗುತ್ತವೆ.

ಇದಕ್ಕಿಂತ ದೊಡ್ಡದೊಂದು ಕಳೆದುಹೋಗಿದೆ. ಬೆನ್ನಿಯ ಮುಖ ನನಗೆ ನೆನಪಿದೆ, ಅವನು ಹೇಳಿದ ಮಾತುಗಳೂ ನೆನಪಿವೆ, ಆದರೆ ದನಿ ಮರೆತುಹೋಗಿದೆ. ಎಷ್ಟು ಕಣ್ಮುಚ್ಚಿ ಕೂತರೂ ಬರುವುದಿಲ್ಲ. ಹೋದ ತಿಂಗಳು ತಡೆಯಲಾರದೆ ಅಮ್ಮನನ್ನು ಕೇಳಿದೆ, ನಿಮಗಾದರೂ ಅವನ ದನಿ ನೆನಪಿದೆಯಾ ಅಂತ. ಅಮ್ಮ ಸೋಸುತ್ತಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟು, ಕಿವಿಗೊಟ್ಟು ಕೇಳುವವರ ಹಾಗೆ ಕತ್ತು ವಾಲಿಸಿದರು. ಆಮೇಲೆ ಇಲ್ಲ ಅಂತ ತಲೆಯಾಡಿಸಿದರು.