ಸೀತವ್ವನ ಕಂಬಳಿಯ ನಾಲ್ಕನೇ ಮೂಲೆ

ಹತ್ತರಗಿಯಲ್ಲಿ ಹೆದ್ದಾರಿಯ ಲಾರಿಗಳ ಸದ್ದು ಬೆಳಗಿನ ಜಾವಕ್ಕೂ ನಿಲ್ಲುವುದಿಲ್ಲ. ಆ ಗದ್ದಲದಲ್ಲೇ ಕರೆಪ್ಪ ಮಗ್ಗದ ಪಕ್ಕ ಕಂಬಳಿ ಹರಡಿಕೊಂಡು ಕೂತಿದ್ದಾರೆ. ನೀರಿನ ತಂಬಿಗೆಗೆ ಒರಗಿಸಿಟ್ಟ ಮೊಬೈಲಿನಲ್ಲಿ ಹೆಂಗಸೊಬ್ಬರ ಕೈಗಳು ಕಂಬಳಿಯ ಮೂಲೆ ಕಟ್ಟುತ್ತಿವೆ. ಕರೆಪ್ಪ ನೋಡುತ್ತಾರೆ, ನಿಲ್ಲಿಸುತ್ತಾರೆ, ತಾವೂ ಕಟ್ಟುತ್ತಾರೆ, ತಪ್ಪಿತೆಂದು ಬಿಚ್ಚುತ್ತಾರೆ. ಅರವತ್ತು ದಾಟಿದ ಈ ನೇಕಾರರಿಗೆ ಪಾಠ ಹೇಳುತ್ತಿರುವವರು ಅವರ ಹೆಂಡತಿ ಸೀತವ್ವ. ಅವರು ತೀರಿಕೊಂಡು ವರ್ಷವಾಯಿತು.

"ಜೀವ ಇದ್ದಾಗ ಹೆಂಗ ಕಟ್ತೀ ಅಂತ ಒಂದಿನಾನೂ ಕೇಳಲಿಲ್ರಿ. ಈಗ ದಿನಾ ಮುಂಜಾನೆ ಅಕಿ ಮುಂದ ಕುಂತು ಕಲ್ಯಾಕತ್ತೇನಿ," ಎನ್ನುತ್ತಾರೆ.

ಕೇಳದೇ ಇದ್ದದ್ದಕ್ಕೆ ಕಾರಣವಿದೆ. ಕುರಿ ಉಣ್ಣೆಯ ಕಂಬಳಿ ನೇಯುವುದು ಈ ಮನೆಯಲ್ಲಿ ಗಂಡಸರ ಕೆಲಸ. ಮಗ್ಗದಿಂದ ಇಳಿಸಿದ ಮೇಲೆ ಅದನ್ನು ಹೆಂಗಸರ ಮಡಿಲಿಗೆ ಹಾಕಿ ಎದ್ದು ಹೋಗುವುದು ಪದ್ಧತಿ. ಅಂಚು ಬಿಗಿದು ಮೂಲೆ ಕಟ್ಟುವುದು ಅವರದೇ ಕೈ. ಮೂರು ಮೂಲೆ ಒಂದೇ ತರಹ, ನಾಲ್ಕನೆಯದು ಬೇರೆ. ಅಂಚಿನ ದಾರದ ತುದಿ ಅಲ್ಲಿ ಒಳಗೆ ಅಡಗಬೇಕು, ಇಲ್ಲದಿದ್ದರೆ ಇಡೀ ಅಂಚೇ ಸಡಿಲಾಗುತ್ತದೆ.

ಮೊದಲೆಲ್ಲ ಕರೆಪ್ಪ ಕಂಬಳಿಗಳನ್ನು ಹೆಗಲಿಗೇರಿಸಿ ಗೋಕಾಕದ ಸಂತೆಗೆ ಹೋಗುತ್ತಿದ್ದರು. ಒಯ್ದಷ್ಟನ್ನೂ ಮರಳಿ ಹೊತ್ತು ತಂದ ದಿನಗಳೇ ಹೆಚ್ಚು. ಒಕ್ಕಲುತನದ ಮನೆಯಿಂದ ಬಂದ ಸೊಸೆ ಸುವರ್ಣಾ ಇನ್‌ಸ್ಟಾಗ್ರಾಮಿನಲ್ಲಿ 'ಸೀತವ್ವನ ಕಂಬಳಿ' ಎಂದು ಪುಟ ತೆರೆದ ಮೇಲೆ ಪುಣೆ, ಮೈಸೂರಿನಿಂದೆಲ್ಲ ಬೇಡಿಕೆ ಬರತೊಡಗಿತು. ಮೂಲೆ ಕಟ್ಟುವುದನ್ನು ತಾನೂ ಕಲಿಯಬೇಕು, ನಾಲ್ಕು ಮಂದಿಗೂ ತೋರಿಸಬೇಕು ಎಂದು ಒಂದು ಮಧ್ಯಾಹ್ನ ಸುವರ್ಣಾ ಅತ್ತೆಯ ಎದುರು ಮೊಬೈಲ್ ಹಿಡಿದಳು.

ಮೂರು ಮೂಲೆ ಮುಗಿದವು. ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮೊಬೈಲ್ ರಿಂಗಾಯಿತು. "ನಿಮ್ಮ ಮಾವಂದ ಇರಬೇಕು, ಎತ್ತವಾ. ಉಳದದ್ದು ನಾಳಿ ತೋರಸ್ತೀನಿ," ಎಂದು ಸೀತವ್ವ ನಗುತ್ತಾರೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ. ಮರುದಿನ ನಸುಕಿನಲ್ಲಿ ಎದೆನೋವು ಬಂತು. ಸಂಕೇಶ್ವರದ ದವಾಖಾನೆ ಮುಟ್ಟುವ ಮೊದಲೇ ಅವರು ಹೋಗಿಬಿಟ್ಟರು.

"ಫೋನ್ ಮಾಡಿದಾಂವ ನಾನ ರೀ. ಸಂಕೇಶ್ವರದಾಗ ಕೊರಿಯರ್ ಬಂದ್ ಮಾಡ್ತಾರ, ಲಗೂ ಮುಗಸ್ರಿ ಅಂತ ಅವಸರ ಮಾಡಿದ್ನಿ," ಎಂದು ಕರೆಪ್ಪ ತಲೆ ತಗ್ಗಿಸುತ್ತಾರೆ.

ಆ ಮೂಲೆ ಕಟ್ಟಬಲ್ಲವರು ಊರಲ್ಲಿ ಬೇರೆ ಯಾರೂ ಉಳಿದಿಲ್ಲ; ಸೀತವ್ವ ಕಟ್ಟಿದ ಹಳೆಯ ಕಂಬಳಿಗಳು ಮಾತ್ರ ಇನ್ನೂ ಇವೆ. ಒಂದೆರಡನ್ನು ಕರೆಪ್ಪ ಬಿಚ್ಚಿಯೂ ನೋಡಿದರು. "ಗಂಟು ಕಾಣಸ್ತೈತ್ರಿ, ಕಟ್ಟಿದ ದಾರಿ ಕಾಣಸಂಗಿಲ್ಲ," ಎನ್ನುತ್ತಾರೆ.

ಸುವರ್ಣಾ ಪುಟಕ್ಕೆ ಹಾಕಿದ ಆ ವಿಡಿಯೊ ಮಾತ್ರ ಸೀತವ್ವನಿಗಿಂತ ದೂರ ನಡೆದಿದೆ. ಮೂಡಲಗಿಯ ಹೊಲಿಗೆ ಶಿಕ್ಷಕಿ ನಂದಾ ಅದನ್ನು ತಮ್ಮ ಹುಡುಗಿಯರಿಗೆ ತೋರಿಸಿ ಕಲಿಸುತ್ತಾರಂತೆ. "ಅವ್ವಾರ, ಕಡೀ ಮೂಲಿ ಯಾವಾಗ ತೋರಸ್ತೀರಿ?" ಎಂದು ಅದರ ಕೆಳಗೆ ಬರೆದಿದ್ದಾರೆ. ಅತ್ತೆ ಇಲ್ಲವೆಂದು ಪುಟದಲ್ಲಿ ಬರೆಯಲು ಸುವರ್ಣಾಗೆ ಇನ್ನೂ ಕೈ ಬಂದಿಲ್ಲ.

ನಾಲ್ಕನೆಯ ಮೂಲೆಗೆ ಕರೆಪ್ಪ ಈಗ ತಮಗೆ ಗೊತ್ತಿರುವ ಒಂದೇ ಗಂಟು ಹಾಕುತ್ತಾರೆ, ಕುರಿಮರಿ ಕಟ್ಟುವ ಗಂಟು. ಒಗೆದರೆ ಅದು ಸಡಿಲಾಗುತ್ತದೆ. ಕಳೆದ ತಿಂಗಳು ಕಂಬಳಿಯೊಂದು ಮರಳಿ ಬಂತು. 'ಸೀತವ್ವನ ಕೆಲಸ ಮೊದಲಿನಂತಿಲ್ಲ' ಎಂದು ಕೊಂಡವರು ಪುಟದಲ್ಲಿ ಬರೆದರು. ಸುವರ್ಣಾ ಅದನ್ನು ಓದಿ ಹೇಳಿದ ದಿನ ಕರೆಪ್ಪ ಊಟ ಮಾಡಲಿಲ್ಲ.

ಬಿಸಿಲು ಅಂಗಳಕ್ಕೆ ಇಳಿದಿದೆ. ಮೂರನೆಯ ಮೂಲೆ ಮುಗಿದೊಡನೆ, ರಿಂಗಿನ ಸದ್ದು ಬರುವ ಮುಂಚೆಯೇ ಕರೆಪ್ಪ ಮೊಬೈಲ್ ಆರಿಸುತ್ತಾರೆ. ನಿಮಗೇನು ಬೇಕು ಎಂದು ಕೇಳಿದೆ. ಉಣ್ಣೆಯ ಎಳೆಗಳನ್ನು ಪಂಚೆಯಿಂದ ಕೊಡವಿಕೊಳ್ಳುತ್ತ ಹೇಳಿದರು:

"ಸುವರ್ಣಾಗ ಹೇಳೇನ್ರಿ, ಪುಟದಾಗ ಒಂದ ಮಾತು ಹಾಕವಾ ಅಂತ. ಮೂರು ಮೂಲಿ ಸೀತವ್ವ ಕಲಿಸಿದ್ದು, ನಾಲ್ಕನೇದು ಕರೆಪ್ಪಂದು. ಬಿಚ್ಚಿದ್ರ ನನ್ನ ಬೈರಿ. ಅಕಿ ಕಟ್ಟಿದ್ದು ಯಾವತ್ತೂ ಬಿಚ್ಚಿಲ್ಲ."