ಚಂದ್ರಿ ಎಮ್ಮೆ ಮತ್ತು ಶೇಡಬಾಳದ ಹಾಡಿಕೆ

ಟ್ರ್ಯಾಕ್ಟರ್‌ಗಳ ಮೇಲೆ ಟೇಪು ಹಾಡುತ್ತಿದ್ದ ಕಾಲ ಅದು. ಕಬ್ಬು ಹೇರಿಕೊಂಡು ಬರುವ ಗಾಡಿ ಕಣ್ಣಿಗೆ ಬೀಳುವ ಮೊದಲೇ ಅದರ ಡೊಳ್ಳಿನ ಪದ ಕಿವಿಗೆ ಬೀಳುತ್ತಿತ್ತು. ಐಗಳಿಯ ಹೊರಗೆ ನಮ್ಮ ತೋಟದ ಮನೆಯಲ್ಲಿ ನಾವು ಮೂವರೇ ಇದ್ದೆವು: ಅಪ್ಪ, ಅವ್ವ, ಮಾದಿ ಎಂದು ಕರೆಸಿಕೊಳ್ಳುವ ನಾನು. ಜೊತೆಗೆ ಒಂದಿಷ್ಟು ಆಡು, ಮತ್ತು ಚಂದ್ರಿ ಎಂಬ ಎಮ್ಮೆ. ಕೊನೆಗೆ ಹೇಳಿದೆನಾದರೂ ಮನೆಯ ಯಜಮಾನಿಕೆ ಚಂದ್ರಿಯದೇ.

ಡೊಳ್ಳಿನ ಹಾಡಿಕೆ ಕೇಳಿ ಬೆಳೆದವರಿಗೆ ಅದರ ಹುಚ್ಚು ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಗಂಡು ಹೆಚ್ಚು ಎಂದು ಒಂದು, ಹೆಣ್ಣು ಹೆಚ್ಚು ಎಂದು ಇನ್ನೊಂದು. ಒಬ್ಬರು ಪದದಲ್ಲೇ ಸವಾಲು ಹಾಕಿದರೆ ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ರಸ್ತೆಯ ಮೇಲೆ ಹೋಗುವ ಟೇಪಿನಲ್ಲಿ ಗಂಡಿನ ಕಡೆಯವನು ಸವಾಲು ಹಾಕಿದನೆಂದರೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸದೆ ಜವಾಬು ಕೊಟ್ಟುಬಿಡುತ್ತಿದ್ದಳು.

"ಭಾಳ ದೊಡ್ಡಾಂವ ಬಂದಾನ! ನಿನ್ನ ಹಡದಾಕಿ ಯಾರಂತ ಮೊದಲ ಹೇಳಲೇ!"

ಅಷ್ಟು ಹೊತ್ತಿಗೆ ಟ್ರ್ಯಾಕ್ಟರ್ ಸೇತುವೆ ದಾಟಿರುತ್ತಿತ್ತು. ಇಂಥ ಅವ್ವ ಒಮ್ಮೆಯೂ ಹಾಡಿಕೆಯನ್ನು ಎದುರು ಕೂತು ಕೇಳಿರಲಿಲ್ಲ. ಪ್ರತಿ ವರ್ಷ ಕಬ್ಬಿನ ಕಟಾವು ಮುಗಿದ ಮೇಲೆ ಶೇಡಬಾಳದ ಕಡೆ ಬಯಲಾದ ಹೊಲದಲ್ಲಿ ರಾತ್ರಿಯಿಡೀ ದೊಡ್ಡ ಹಾಡಿಕೆ ನಡೆಯುತ್ತಿತ್ತು. ಸುತ್ತಲಿನ ಊರವರು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಅವ್ವ ಹೋಗುವಂತಿರಲಿಲ್ಲ. ಯಾಕೆಂದರೆ ಚಂದ್ರಿ ಅವ್ವನ ಕೈಗಲ್ಲದೆ ಬೇರೆ ಯಾರ ಕೈಗೂ ಹಾಲು ಕೊಡುತ್ತಿರಲಿಲ್ಲ. ಬೇರೆಯವರು ಕೆಚ್ಚಲಿಗೆ ಕೈ ಹಚ್ಚಿದರೆ ಹಾಲು ಮೇಲಕ್ಕೆ ಎಳೆದುಕೊಂಡು, ಸಾಲದ್ದಕ್ಕೆ ಒದೆಯುತ್ತಿತ್ತು. ಹೊತ್ತಿಗೆ ಸರಿಯಾಗಿ ಹಿಂಡದಿದ್ದರೆ ಕೆಚ್ಚಲಿಗೆ ಬಾವು ಬರುತ್ತದೆ. ಒಂದು ವರ್ಷ ಅವ್ವ ಧೈರ್ಯ ಮಾಡಿ, ತಲೆ ಬಾಚಿ, ಹೊಸ ಕುಪ್ಪಸ ತೊಟ್ಟು ಊರವರನ್ನು ಕರೆದೊಯ್ಯುತ್ತಿದ್ದ ಸಿದ್ರಾಮ ಕಾಕಾನ ಟ್ರ್ಯಾಕ್ಟರ್ ಹತ್ತಿದ್ದಳು. ಅಪ್ಪ ಬಕೆಟ್ ಹಿಡಿದು ಚಂದ್ರಿಯ ಹತ್ತಿರ ಕೂತನೋ ಇಲ್ಲವೋ, ಅದು ಒದರಿದ ಒದರಾಟಕ್ಕೆ ಅವ್ವ ಕೆಳಗಿಳಿದು ಬಂದಳು. ಕುಪ್ಪಸ ಬದಲಿಸಿ ಹಾಲು ಹಿಂಡಿದಳು. ಮುಂದಿನ ವರ್ಷ ಏನಾದರಾಗಲಿ, ಅವ್ವನನ್ನು ಕರೆದುಕೊಂಡು ಶೇಡಬಾಳಕ್ಕೆ ಹೋಗಿಯೇ ಸೈ ಎಂದು ಅವತ್ತೇ ನಿಶ್ಚಯ ಮಾಡಿದೆ. ಆಗ ನಾನಿನ್ನೂ ಕನ್ನಡ ಶಾಲೆಗೆ ಹೋಗುವ ಹುಡುಗಿ. ಹಟಕ್ಕೆ ಮಾತ್ರ ವಯಸ್ಸಿರಲಿಲ್ಲ.

ಮರುವರ್ಷ ಕಟಾವು ಶುರುವಾಗಿ ಗಾಳಿಯಲ್ಲಿ ಸುಟ್ಟ ರವದಿಯ, ಅಂದರೆ ಕಬ್ಬಿನ ಒಣಗರಿಯ, ವಾಸನೆ ಬರತೊಡಗಿದ ಕೂಡಲೇ ನನ್ನ ತಯಾರಿಯೂ ಶುರುವಾಯಿತು. ಬಾಜೂ ತೋಟದ ಕಸ್ತೂರಿ ಅತ್ತಿ ಒಂದು ಉಪಾಯ ಹೇಳಿದ್ದಳು.

"ಎಮ್ಮಿ ಮಾರಿ ನೋಡಂಗಿಲ್ಲ ಬೇ, ವಾಸನಿ ನೋಡ್ತೈತಿ. ನಿಮ್ಮವ್ವನ ಉಟ್ಟ ಸೀರಿ ಉಟ್ಕೊಂಡ ಹಿಂಡ್ರಿ, ಕೊಡ್ತೈತಿ."

ಮೊದಲು ಅಪ್ಪನನ್ನು ಹಿಡಿದೆ. ನನ್ನ ಲೆಕ್ಕ ಸರಳವಿತ್ತು. ಅಪ್ಪ ಮನೆಯಲ್ಲಿ ಉಳಿದು ಹಿಂಡಬೇಕು, ಅವ್ವ ಮತ್ತು ನಾನು ಹೋಗಬೇಕು. ಅಪ್ಪ ಬಹಳ ಬೇಡಿಕೊಂಡ. "ಯಾರರ ನೋಡಿದ್ರ ಊರಾಗ ತಿರಗ್ಯಾಡಾಕ ಆಗಂಗಿಲ್ಲವಾ." ನಾನು ಊಟ ಬಿಡುತ್ತೇನೆಂದೆ. ಕೊನೆಗೆ ಧೋತರದ ಮೇಲೆ ಅವ್ವನ ಸೀರೆ ಸುತ್ತಿಕೊಂಡು, ಮೀಸೆಯ ಮೇಲೆ ಸೆರಗು ಎಳೆದುಕೊಂಡು ಅಪ್ಪ ಚಂದ್ರಿ ಮೇವು ತಿನ್ನುವ ಗೋದಲಿಯ ಹತ್ತಿರ ಹೋದ. ಚಂದ್ರಿ ತಿರುಗಿ ನೋಡಿತು. ಬಹಳ ಹೊತ್ತು ನೋಡಿತು. ಆಮೇಲೆ ಒದ್ದ ಒದೆತಕ್ಕೆ ಬಕೆಟ್ ಒಂದು ಕಡೆ, ಅಪ್ಪ ಒಂದು ಕಡೆ. ಬಾಗಿಲಲ್ಲಿ ನಿಂತಿದ್ದ ಅವ್ವ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಕಸ್ತೂರಿ ಅತ್ತಿಯೂ ಒಂದು ದಿನ ಬಂದು ನೋಡಿದಳು. ಬಾಲದ ಪೆಟ್ಟು ತಿಂದು, ಎಮ್ಮೆಗೆ ಬೈಯುತ್ತ ಹೋದಳು.

ಉಳಿದವಳು ನಾನೇ. ಶಾಲೆಯಿಂದ ಬಂದವಳೇ ಅವ್ವನ ಹಳೆಯ ಸೀರೆ ಸುತ್ತಿಕೊಂಡು ಅವಳ ಮಗ್ಗುಲಲ್ಲಿ ಕೂರತೊಡಗಿದೆ. ಮೊದಲು ಶೇಂಗಾ ಹಿಂಡಿ ತಿನ್ನಿಸಿ ಬೆನ್ನು ತಿಕ್ಕಿದೆ. ಆಮೇಲೆ ಅವ್ವನ ಕೈಯ ಮೇಲೆ ನನ್ನ ಕೈ ಇಟ್ಟೆ. ಹಾಲು ಹಿಂಡುವಾಗ ಅವ್ವ ಮೂಗಿನಲ್ಲೇ ಒಂದು ಪದ ಗುನುಗುತ್ತಿದ್ದಳು. ಅದನ್ನೂ ಕಲಿತೆ. ಬೆರಳುಗಳು ಬಾತು, ಶಾಲೆಯಲ್ಲಿ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಗೆಳತಿಯರು ಡಬ್ಬಿ ಬಡಿದು ಹಾಡಿಕೆಯ ಆಟ ಆಡಲು ಕರೆದರೂ ಹೋಗಲಿಲ್ಲ. ಒಂದು ಸಂಜೆ ಅವ್ವ ಸದ್ದಿಲ್ಲದೆ ಎದ್ದು ಆಚೆ ಸರಿದಳು. ಚಂದ್ರಿ ಕಿವಿ ಅಲ್ಲಾಡಿಸಿತು. ನಾನು ಪದ ನಿಲ್ಲಿಸಲಿಲ್ಲ. ಬಕೆಟ್ಟಿನಲ್ಲಿ ನೊರೆ ಏರುತ್ತ ಹೋಯಿತು.

ಖುಷಿಗೆ ಮನೆಗೆ ಓಡಿಬಂದು ಕೂಗಿದೆ. "ಅಪ್ಪಾ, ಕೊಟ್ಟತು! ನನಗ ಕೊಟ್ಟತು! ಇನ್ನ ಅವ್ವ ಹೋಗಬಹುದು!"

ಅಪ್ಪ ನನ್ನ ಮುಖ ನೋಡಿದ. "ಛೊಲೋ ಆತು. ಹಂಗಾದ್ರ ಈ ಸಲ ನೀ ಉಳೀತಿ ಹೌದಿಲ್ಲೋ?"

ಅಷ್ಟು ದಿನ ಯೋಜನೆ ಹಾಕಿದ ನನಗೆ ಅದು ಹೊಳೆದೇ ಇರಲಿಲ್ಲ. ಎಮ್ಮೆ ನನ್ನ ಕೈಗೆ ಹಾಲು ಕೊಟ್ಟರೆ ನಾನು ಮನೆ ಬಿಡುವಂತಿಲ್ಲ ಎಂಬ ಸಾದಾ ಮಾತು. ಬಣವೆಯ ಹಿಂದೆ ಹೋಗಿ ಅತ್ತೆ. ಅವ್ವ ಹುಡುಕಿಕೊಂಡು ಬಂದು ಹತ್ತಿರ ಕೂತಳು.

"ನಿನ್ನ ಬಿಟ್ಟು ನಾ ಒಬ್ಬಾಕಿ ಹೋಗಂಗಿಲ್ಲ, ಮಾದಿ. ಅದೇನ ಓಡಿ ಹೋಗ್ತೈತಿ? ಮುಂದ ನೋಡೂಣು."

ಆ 'ಮುಂದೆ ನೋಡೋಣ' ಕೇಳಿದ್ದೇ ನನ್ನ ಅಳು ನಿಂತಿತು. ಅವ್ವನ ಎಲ್ಲ ಆಸೆಗಳೂ ಆ ಮಾತಿನಲ್ಲೇ ಮುಗಿಯುತ್ತಿದ್ದವು.

"ನೀ ಹೋಗಾಕಬೇಕ," ಎಂದೆ. "ಹೋಗಿ ಪೂರಾ ಕೇಳ್ಕೊಂಡ ಬಾ. ಬಂದು ನನಗ ಎಲ್ಲಾ ಹೇಳು. ಒಂದ ಪದಾನೂ ಬಿಡಬ್ಯಾಡ."

ಹಾಡಿಕೆಯ ದಿನ ಬುತ್ತಿಯನ್ನೂ ನಾನೇ ಕಟ್ಟಿದೆ. ಕಟಕ ರೊಟ್ಟಿ, ಝುಣಕ, ಗುರೆಳ್ಳು ಚಟ್ನಿ. ಅವ್ವ ಎರಡು ಸಲ ಟ್ರ್ಯಾಕ್ಟರ್‌ನಿಂದ ಇಳಿಯಲು ನೋಡಿದಳು. "ಹೋಗ್ರಿ ಕಾಕಾ, ನಿಲ್ಲಸಬ್ಯಾಡ್ರಿ!" ಎಂದು ನಾನೇ ಸಿದ್ರಾಮ ಕಾಕಾನಿಗೆ ಕೂಗಿದೆ. ಸಂಜೆ ಚಂದ್ರಿ ಹಾಲು ಇಳಿಸಲು ತಡ ಮಾಡಿತು. ಅವ್ವನ ದಾರಿಯತ್ತ ತಿರುಗಿ ತಿರುಗಿ ನೋಡಿತು. ನಾನು ಗುನುಗುತ್ತ ಕೂತೆ. ಕಡೆಗೆ ಕೊಟ್ಟಿತು, ಬೆಳಿಗ್ಗೆಯೂ ಕೊಟ್ಟಿತು.

ಬಿಸಿಲೇರಿದ ಮೇಲೆ ಅವ್ವ ಬಂದಳು. ತಲೆಯಲ್ಲಿ ರವದಿಯ ಚೂರು, ಕಣ್ಣು ಕೆಂಪು, ಗಂಟಲು ಬಿದ್ದುಹೋಗಿತ್ತು. ಕೂತಲ್ಲಿಂದಲೇ ಕೂಗಿ ಕೂಗಿ ಜವಾಬು ಕೊಟ್ಟಿದ್ದಳಂತೆ. ಕೈಕಾಲು ತೊಳೆಯುವ ಮೊದಲೇ ನನ್ನನ್ನು ಎದುರು ಕೂರಿಸಿಕೊಂಡು ಎರಡೂ ಮೇಳ ತಾನೇ ಆಗಿ, ಬಿದ್ದ ದನಿಯಲ್ಲೇ ಹಾಡಿ ತೋರಿಸಿದಳು. ಯಾರು ಸೋತರು, ಯಾರು ತಡವರಿಸಿದರು, ಡೊಳ್ಳು ಬಾರಿಸುವವನ ತಲೆಯ ಪಟಕಾ ಬಿಚ್ಚಿಬಿದ್ದದ್ದು, ಏನನ್ನೂ ಬಿಡಲಿಲ್ಲ. ಅಷ್ಟೊಂದು ಮಾತಾಡಿದ ಅವ್ವನನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಅಲ್ಲಿಂದ ನಮ್ಮಿಬ್ಬರಲ್ಲಿ ಕರಾರಾಯಿತು. ಒಂದು ವರ್ಷ ಅವಳು, ಮರುವರ್ಷ ನಾನು. ಹೋದವರು ಉಳಿದವರಿಗೆ ಹಾಡಿಕೆಯನ್ನು ಇಡಿಯಾಗಿ ತಂದು ಒಪ್ಪಿಸಬೇಕು. ನನ್ನ ಸರದಿಯಲ್ಲಿ ಒಳ್ಳೆಯ ಜವಾಬು ಬಂದಾಗಲೆಲ್ಲ ಮರೆಯಬಾರದೆಂದು ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ.

ಮದುವೆಯಾಗಿ ನಾನು ರಾಯಬಾಗಕ್ಕೆ ಬಂದೆ. ಚಂದ್ರಿ ಸತ್ತ ಮೇಲೆ ಅವ್ವ ಬೇರೆ ಎಮ್ಮೆ ಕಟ್ಟಲಿಲ್ಲ. ಇನ್ನೇನು, ಇಬ್ಬರೂ ಕೂಡಿಯೇ ಹೋಗೋಣ ಎಂದು ಪ್ರತಿ ವರ್ಷ ಫೋನಿನಲ್ಲಿ ಮಾತಾಡಿಕೊಂಡೆವು. ಒಂದು ವರ್ಷ ನನ್ನ ಬಾಣಂತನ, ಒಂದು ವರ್ಷ ಮಕ್ಕಳ ಪರೀಕ್ಷೆ, ಒಂದು ವರ್ಷ ಅಪ್ಪನ ಕಾಲುನೋವು. ಯಾವುದೂ ಆ ಎಮ್ಮೆಯಷ್ಟು ಗಟ್ಟಿಯಾದ ಅಡ್ಡಿಯಲ್ಲ. ಆದರೆ ಈಗ 'ಮುಂದೆ ನೋಡೋಣ' ಎನ್ನುವವಳು ನಾನಾಗಿದ್ದೆ. ಹೋದ ಮಳೆಗಾಲದಲ್ಲಿ ಅವ್ವ ತೀರಿಕೊಂಡಳು. ಒಂದು ಹಾಡಿಕೆಯನ್ನೂ ನಾವಿಬ್ಬರು ಮಗ್ಗುಲಲ್ಲಿ ಕೂತು ಕೇಳಲಿಲ್ಲ.

ಈ ವರ್ಷ ಶೇಡಬಾಳಕ್ಕೆ ಹೋಗಿದ್ದೆ. ಮನೆ ಮುಂದೆ ಕಾರು ಇದೆ, ಯಾರನ್ನೂ ಕೇಳಬೇಕಿರಲಿಲ್ಲ. ಸುತ್ತ ಕೂತವರೆಲ್ಲ ಮೊಬೈಲು ಎತ್ತಿ ಹಿಡಿದು ಹಾಡನ್ನು ತುಂಬಿಕೊಳ್ಳುತ್ತಿದ್ದರು. ಹೆಣ್ಣಿನ ಮೇಳದವಳು ಒಂದು ಜವಾಬು ಕೊಟ್ಟಳು. ಎಂಥ ಜವಾಬು! ಗಂಡಿನ ಮೇಳದವರೂ ತಲೆದೂಗಿದರು. ಮರೆತುಬಿಟ್ಟೇನೆಂದು ಅದನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡೆ. ಮೂರನೆಯ ಸಲ ಹೇಳಿಕೊಳ್ಳುವಾಗ ನೆನಪಾಯಿತು, ಮನೆಯಲ್ಲಿ ಅದನ್ನು ಕೇಳಲು ಕಾಯುತ್ತಿರುವವರು ಯಾರೂ ಇಲ್ಲ.