ಒಪ್ಪದಿರುವುದನ್ನು ಕಲಿತ ಮೂರು ವಾರಗಳು

ಮೊದಲಿಗೇ ಒಂದು ಅರಿಕೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಹೀಗೆ ಕುಳಿತು ಬರೆಯುವವರನ್ನು ಮನೆಯಲ್ಲಿ ನೋಡಿ ಬೆಳೆದವಳಲ್ಲ. ಆದ್ದರಿಂದ ಎಲ್ಲಿ ವಿವರಿಸಬೇಕು, ಎಲ್ಲಿ ಸುಮ್ಮನಾಗಬೇಕು ಎಂಬ ಅಂದಾಜು ನನಗೆ ಅಲ್ಲಲ್ಲಿ ತಪ್ಪಿರಬಹುದು. ಓದುವವರು ಮನ್ನಿಸಬೇಕೆಂದು ಕೋರುತ್ತೇನೆ.

ಪದವಿಯ ಜೊತೆಯಲ್ಲೇ ನಾನು ಮೈಸೂರಿನಲ್ಲಿ ಜರ್ಮನ್ ಭಾಷೆ ಕಲಿಯಲು ಆರಂಭಿಸಿದ್ದೆ. ಯಾದವಗಿರಿಯ ಒಂದು ಹಳೆಯ ಬಂಗಲೆಯಲ್ಲಿ ನಡೆಯುವ ಸಣ್ಣ ಭಾಷಾ ಶಾಲೆ ಅದು. ವ್ಯಾಕರಣದಲ್ಲಿ ನನ್ನನ್ನು ಮೀರಿಸುವವರು ತರಗತಿಯಲ್ಲಿ ಇರಲಿಲ್ಲ ಎಂದು ನಮ್ಮ ಮೇಡಂ ಹೇಳುತ್ತಿದ್ದರು. ಮೇಲಿನ ಹಂತದ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಹೊಸಬರಿಗೆ ಪಾಠ ಹೇಳುವ ಕೆಲಸವನ್ನು ನನಗೇ ಕೊಡುವುದಾಗಿಯೂ ತಿಳಿಸಿದ್ದರು. ನಾನು ಬರವಣಿಗೆಯಲ್ಲಿ ಪಾಸಾದೆ, ಮಾತಿನ ಪರೀಕ್ಷೆಯಲ್ಲಿ ಫೇಲಾದೆ.

ಅದು ಆದದ್ದು ಹೀಗೆ. ಮಾತಿನ ಪರೀಕ್ಷೆಯಲ್ಲಿ ಇಬ್ಬಿಬ್ಬರನ್ನು ಜೊತೆಮಾಡಿ ಒಂದು ವಿಷಯ ಕೊಡುತ್ತಾರೆ. ಇಬ್ಬರೂ ಚರ್ಚಿಸಿ ಒಂದು ತೀರ್ಮಾನಕ್ಕೆ ಬರಬೇಕು. ನನಗೆ ಜೊತೆಯಾದವರು ಹವ್ಯಾಸಕ್ಕಾಗಿ ಭಾಷೆ ಕಲಿಯುತ್ತಿದ್ದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ. ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯನ್ನು ಹೇಗೆ ಏರ್ಪಡಿಸುವುದು ಎಂಬುದು ವಿಷಯ. ಭಾನುವಾರ ಇಟ್ಟುಕೊಳ್ಳೋಣ ಎಂದು ಅವರು ಜರ್ಮನ್ನಿನಲ್ಲಿ ಹೇಳಿದರು. ‘ಆಗಬಹುದು’ ಎಂದೆ. ಹೋಟೆಲಿನಲ್ಲಿ ಮಾಡೋಣ ಎಂದರು. ‘ತುಂಬಾ ಒಳ್ಳೆಯದು’ ಎಂದೆ. ಭಾಷಣ ತಾವೇ ಮಾಡುವುದಾಗಿ ಹೇಳಿದರು. ‘ಖಂಡಿತ’ ಎಂದೆ. ಅಷ್ಟಕ್ಕೆ ಬೀಳ್ಕೊಡುಗೆಯ ಏರ್ಪಾಡು ಮುಗಿದೇ ಹೋಯಿತು. ಸಮಯ ಇನ್ನೂ ಬಹಳ ಉಳಿದಿತ್ತು. ಪರೀಕ್ಷಕರು ಗಡಿಯಾರ ನೋಡಿದರು, ನಾವಿಬ್ಬರೂ ಮೇಜು ನೋಡಿದೆವು.

ಹೊರಗೆ ಬಂದಾಗ ಆ ಹಿರಿಯರು ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಾ ಕೇಳಿದರು: “ಏನಮ್ಮಾ, ಒಂದಕ್ಕಾದ್ರೂ ಬೇಡ ಅನ್ನಬಾರದಿತ್ತಾ? ನೀನು ಎಲ್ಲಾದಕ್ಕೂ ತಲೆ ಆಡಿಸಿದ್ರೆ ನಾನು ಯಾರ ಹತ್ರ ಮಾತಾಡ್ಲಿ? ನನ್ನ ಮಾರ್ಕೂ ಹೋಯ್ತು ಕಣಮ್ಮ!”

ಅವರು ನಗುತ್ತಲೇ ಹೇಳಿದ್ದರೂ ನಾನು ಅವರ ಕ್ಷಮೆ ಕೇಳಿದೆ. ಪದಗಳು ಬಾರದೆ ತಲೆಯಾಡಿಸಿದವಳಲ್ಲ ನಾನು. ತಂದೆಯ ವಯಸ್ಸಿನವರೊಬ್ಬರು ಒಂದು ಮಾತು ಹೇಳಿದ ಮೇಲೆ ಅದಕ್ಕೆ ಎದುರಾಡುವುದು ಎಂಬುದೇ ನನಗೆ ಹೊಳೆದಿರಲಿಲ್ಲ.

ನಮ್ಮದು ಕುಂಬಾರಕೊಪ್ಪಲಿನಲ್ಲಿ ಕೂಡು ಕುಟುಂಬ. ದೊಡ್ಡಪ್ಪ ಮತ್ತು ಅಪ್ಪ ಹಳ್ಳಿಯ ಬೇಸಾಯ ಬಿಟ್ಟು ಬಂದು ದೇವರಾಜ ಮೊಹಲ್ಲಾದಲ್ಲಿ ಹಗ್ಗ, ಚಾಪೆ, ಬುಟ್ಟಿಗಳ ಅಂಗಡಿ ಇಟ್ಟವರು. ಅಂಗಡಿಯಲ್ಲಾಗಲಿ, ಮನೆಯಲ್ಲಾಗಲಿ ದೊಡ್ಡಪ್ಪನವರ ಮಾತೇ ಕೊನೆಯ ಮಾತು. ಅಪ್ಪ, ಅಮ್ಮ, ನಾನು, ನನ್ನ ತಂಗಿ ಎಲ್ಲರೂ ‘ಸರಿ’ ಎನ್ನುವವರೇ. ಇದನ್ನು ದೂರಾಗಿ ಹೇಳುತ್ತಿಲ್ಲ. ಹೆಣ್ಣುಮಗಳಿಗೆ ಇಷ್ಟು ಓದು ಯಾಕೆ ಎಂದು ನೆಂಟರು ಕೇಳಿದಾಗ ಅವರ ಬಾಯಿ ಮುಚ್ಚಿಸಿ ನನ್ನನ್ನು ಕಾಲೇಜಿಗೆ ಕಳಿಸಿದ್ದೂ ಅದೇ ಕೊನೆಯ ಮಾತು.

ಫಲಿತಾಂಶ ತಿಳಿದ ಮೇಲೆ ಮೇಡಂ ಒಂದು ದಾರಿ ತೋರಿಸಿದರು. ಜರ್ಮನಿಯ ಸಣ್ಣ ಊರೊಂದರಲ್ಲಿ ಭಾಷೆ ಕಲಿಯುವವರಿಗಾಗಿ ಮೂರು ವಾರಗಳ ತರಗತಿ. ಅಲ್ಲಿಯ ಒಬ್ಬರ ಮನೆಯಲ್ಲೇ ವಾಸ, ಖರ್ಚಿಗೆ ವಿದ್ಯಾರ್ಥಿವೇತನ. ಅರ್ಜಿ ಹಾಕಿದೆ, ಸಿಕ್ಕಿತು. ದೊಡ್ಡಪ್ಪನವರ ಮುಂದೆ ನಿಂತು ವಿಷಯ ತಿಳಿಸಿದೆ.

“ವರ್ಷಗಟ್ಲೆ ಇಲ್ಲೇ ಕಲ್ತಿದ್ದೀಯ. ಇನ್ನು ಮೂರು ವಾರಕ್ಕೆ ಅಲ್ಲಿ ಏನ್ ಬಂದ್ಬುಡ್ತದೆ ಮಗಾ?” ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವರೇ ಮುಂದುವರಿದು, “ಹೋಗ್ಬಾ ಅತ್ಲಾಗಿ. ಒಂದು ಕಂಬಳಿ ತಕೊಂಡ್ ಹೋಗು, ಅಲ್ಲಿ ಚಳಿಯಂತೆ” ಎಂದರು.

ನನಗೆ ಮನೆ ಕೊಟ್ಟವರು ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ, ಒಂಟಿಯಾಗಿ ವಾಸಿಸುತ್ತಿದ್ದ ಮಹಿಳೆ. ಬೆಳಿಗ್ಗೆ ತರಗತಿ, ಸಂಜೆ ಅವರೊಡನೆ ಊಟ. ಅವರಿಗೆ ಲೋಕದ ಪ್ರತಿಯೊಂದು ವಸ್ತುವಿನ ಬಗ್ಗೆಯೂ ಒಂದು ಅಭಿಪ್ರಾಯವಿತ್ತು. ಎಷ್ಟೇ ಚಳಿಯಿದ್ದರೂ ಬೆಳಿಗ್ಗೆ ಕಿಟಕಿ ತೆರೆಯಲೇಬೇಕು. ನಾಯಿ ಸಾಕದವರು ಜಿಪುಣರು. ಇವೆಲ್ಲಕ್ಕೂ ನಾನು, “ಹೌದು, ನೀವು ಹೇಳುವುದು ಸರಿ” ಎನ್ನುತ್ತಿದ್ದೆ. ಮರ್ಯಾದೆಯ ಹುಡುಗಿ ಎಂದು ಅವರಿಗೆ ಸಂತೋಷವಾಗುತ್ತಿರಬೇಕು ಎಂದೇ ಭಾವಿಸಿದ್ದೆ.

ಮೊದಲ ವಾರದಲ್ಲೇ ಒಂದು ಸಂಜೆ ಅವರು ನನಗಾಗಿ ಅನ್ನ ಮಾಡಿದ್ದರು. ಅಲ್ಲಿ ಅಕ್ಕಿ ತೂತುಗಳಿರುವ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಚೀಲದ ಸಮೇತ ಕುದಿಯುವ ನೀರಿಗೆ ಹಾಕಿ, ಬೆಂದ ಮೇಲೆ ಎತ್ತಿ ಕತ್ತರಿಸುತ್ತಾರೆ. ಒಂದು ತುತ್ತು ತಿಂದು ಅವರು, “ಈ ಅನ್ನಕ್ಕೆ ರುಚಿಯೇ ಇಲ್ಲ” ಎಂದರು. ನಾನು ಎಂದಿನಂತೆ, “ಹೌದು, ಇಲ್ಲ” ಎಂದೆ.

ಅವರು ಚಮಚವನ್ನು ಕೆಳಗಿಟ್ಟರು. “ನಿಮ್ಮ ಮನೆಯಲ್ಲಿ ದಿನವೂ ಅನ್ನ ತಿನ್ನುತ್ತೀರಿ ಎಂದು ನೀನೇ ಹೇಳಿದ್ದೆ. ಅದಕ್ಕೆ ರುಚಿಯಿಲ್ಲ ಎಂದರೂ ಹೌದು ಎನ್ನುತ್ತೀಯಲ್ಲ! ನನ್ನ ಜೊತೆ ವಾದ ಮಾಡುವುದು ದಂಡ ಅಂದುಕೊಂಡಿದ್ದೀಯಾ? ಗೋಡೆಯ ಜೊತೆ ಮಾತಾಡಬೇಕೆಂದಿದ್ದರೆ ನನ್ನ ಮನೆಯಲ್ಲಿ ಬೇಕಾದಷ್ಟು ಗೋಡೆಗಳಿವೆ.”

ಶಾಲೆಗೆ ದೂರು ಹೋಗುವುದೋ, ಬೇರೆ ಮನೆಗೆ ಕಳಿಸುವರೋ ಎಂದು ಹೆದರಿದೆ. ನಾನು ಗೌರವವೆಂದು ತಿಳಿದು ಕೊಟ್ಟದ್ದು ಅವರಿಗೆ ಅವಮಾನವಾಗಿ ತಲುಪಿತ್ತು.

“ಈಗ ಹೇಳು,” ಎಂದರು. “ಅನ್ನಕ್ಕೆ ರುಚಿ ಇದೆಯೋ ಇಲ್ಲವೋ?”

“ಇದೆ.”

“ಯಾಕೆ?”

ಆ ‘ಯಾಕೆ’ಗೆ ಉತ್ತರ ಕೊಡಲು ಕುಳಿತಾಗಲೇ ನನಗೆ ನನ್ನ ಓದಿನ ಸ್ಥಿತಿ ಅರ್ಥವಾಯಿತು. ಒಪ್ಪಿಕೊಳ್ಳಲು ಒಂದು ಪದ ಸಾಕು. ಒಪ್ಪದಿರಲು ಭಾಷೆಯಲ್ಲಿರುವುದೆಲ್ಲವೂ ಬೇಕು. ‘ಆದರೂ’, ‘ಏಕೆಂದರೆ’, ‘ಅದಕ್ಕಿಂತಲೂ’, ‘ಒಂದು ವೇಳೆ’ ಇವನ್ನೆಲ್ಲ ವರ್ಷಗಟ್ಟಲೆ ಕಲಿತು, ಅಟ್ಟದ ಮೇಲಿನ ಪಾತ್ರೆಗಳಂತೆ ಜೋಡಿಸಿಟ್ಟಿದ್ದೆನೇ ಹೊರತು ಅಡುಗೆಗೆ ಇಳಿಸಿರಲಿಲ್ಲ. ಬಹಳ ತಡವರಿಸಿ ಹೇಳಿದೆ: “ನಾವು ಬರೀ ಅನ್ನವನ್ನು ತಿನ್ನುವುದಿಲ್ಲ. ಸಾರು ಇರುತ್ತದೆ. ನೀವು ಸಾರನ್ನೂ ಮಾಡದೆ, ಅಕ್ಕಿಯನ್ನು ಚೀಲದಲ್ಲಿ ಬೇಯಿಸಿ, ಆಮೇಲೆ ಅನ್ನವನ್ನೇ ಬೈದರೆ ಹೇಗೆ?”

ಕ್ರಿಯಾಪದಗಳು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಅವರು ಅದನ್ನು ತಿದ್ದಲಿಲ್ಲ. “ಹಾಗಾದರೆ ರುಚಿ ಸಾರಿನದಾಯಿತು, ಅನ್ನದ್ದಲ್ಲ!” ಎಂದು ಮೇಜು ತಟ್ಟಿದರು. ಅಲ್ಲ ಎಂದೆ. ಅನ್ನ ಪೂರ್ತಿ ಆರುವವರೆಗೂ ವಾದಿಸಿದೆವು. ಕೊನೆಗೆ ಅವರು ಬ್ರೆಡ್ಡಿನ ಬುಟ್ಟಿಯನ್ನು ನನ್ನ ಕಡೆ ಸರಿಸಿ, ನಾಳೆ ಆ ಸಾರನ್ನು ಮಾಡಿ ತೋರಿಸು ಎಂದು ಎದ್ದರು.

ಅಂದಿನಿಂದ ಪ್ರತಿ ಸಂಜೆಯೂ ಒಂದು ವ್ಯಾಜ್ಯ. ಸ್ವಂತ ತಂಗಿಯ ಮನೆಗಾದರೂ ಮೊದಲೇ ದಿನ ಗೊತ್ತುಮಾಡಿಕೊಂಡು ಹೋಗಬೇಕು ಎಂಬುದು ಅವರ ನಿಲುವು. ನಮ್ಮಲ್ಲಿ ತಂಗಿ ಹಾಗೆ ಕೇಳಿಕೊಂಡು ಬಂದರೆ ಏನೋ ಕೆಟ್ಟದ್ದಾಗಿದೆ ಎಂದು ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ ಎಂದೆ. ಅವರು ಜೋರಾಗಿ ನಕ್ಕು, “ಇದರಲ್ಲಿ ನೀನು ಗೆದ್ದೆ” ಎಂದರು. ನನಗೆ ಅತ್ಯಂತ ಆಶ್ಚರ್ಯ ತಂದದ್ದು ಇದು: ವಾದ ಮುಗಿದ ಮೇಲೂ ಅವರ ವಿಶ್ವಾಸ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ. ಎದುರಾಡಿದರೆ ಸಂಬಂಧ ಕೆಡುತ್ತದೆ ಎಂದು ಯಾರೂ ನನಗೆ ಬಾಯಿಬಿಟ್ಟು ಕಲಿಸಿರಲಿಲ್ಲ. ಆದರೂ ನಾನು ಅದನ್ನು ನಂಬಿದ್ದೆ.

ಅವರ ರೀತಿ ಮೇಲು, ನಮ್ಮದು ಕೀಳು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಮೂರು ವಾರಗಳಲ್ಲಿ ನಾನು ಕಲಿತ ಹೊಸ ಪದಗಳೂ ಹೆಚ್ಚಲ್ಲ. ಆದರೆ ತರಗತಿಯಲ್ಲಿ ತಪ್ಪಿದರೆ ಅಂಕ ಹೋಗುತ್ತದೆ. ಆ ಊಟದ ಮೇಜಿನ ಮುಂದೆ ಸುಮ್ಮನಿದ್ದರೆ ಎದುರಿಗಿರುವ ಒಬ್ಬರಿಗೆ ನೋವಾಗುತ್ತಿತ್ತು. ಅದನ್ನು ತಪ್ಪಿಸಲು ಮಾತಾಡಲೇಬೇಕಾಯಿತು. ಪರ ಊರಿನ ವಾಸದಿಂದ, ಅದು ಎಷ್ಟೇ ಚಿಕ್ಕದಾಗಿರಲಿ, ಸಿಗುವ ಪ್ರಯೋಜನ ಇದೇ ಎಂದು ನನ್ನ ತಿಳಿವಳಿಕೆ.

ಮೈಸೂರಿಗೆ ಮರಳಿ ಎರಡನೆಯ ಸಲ ಕುಳಿತ ಮಾತಿನ ಪರೀಕ್ಷೆಯಲ್ಲಿ ನನಗೆ ಜೊತೆಯಾದವರು ಅಮ್ಮನ ವಯಸ್ಸಿನ ಒಬ್ಬ ಉಪನ್ಯಾಸಕಿ. ವಿಷಯ ಬಡಾವಣೆಯ ಉದ್ಯಾನವನ್ನು ಸುಧಾರಿಸುವುದು. ಸುತ್ತಲೂ ಎತ್ತರದ ಬೇಲಿ ಹಾಕಿಸೋಣ ಎಂದು ಅವರು ಆರಂಭಿಸಿದರು. ‘ಹೌದು’ ಎಂಬುದು ನಾಲಿಗೆಯ ತುದಿಯವರೆಗೆ ಬಂದಿತ್ತು. “ಕ್ಷಮಿಸಿ, ನನಗೆ ಹಾಗನ್ನಿಸುವುದಿಲ್ಲ” ಎಂದೆ. ಅವರ ಕಣ್ಣು ಅರಳಿತು. ಅಲ್ಲಿಂದ ನಮ್ಮಿಬ್ಬರನ್ನೂ ತಡೆಯುವುದೇ ಪರೀಕ್ಷಕರಿಗೆ ಕೆಲಸವಾಯಿತು. ತೇರ್ಗಡೆಯಾದೆ, ಯಾದವಗಿರಿಯ ಶಾಲೆಯಲ್ಲಿ ಕೆಲಸವೂ ದೊರೆಯಿತು.

ಆ ವರ್ಷವೇ ತಂಗಿ ಪಿಯುಸಿ ಮುಗಿಸಿದಳು. ಅವಳಿಗೆ ಕೃಷಿ ಪದವಿ ಓದುವ ಆಸೆ. ಮನೆಯ ಹತ್ತಿರದ ಕಾಲೇಜಿನಲ್ಲಿ ಬಿ.ಕಾಂ. ಸೇರಲಿ ಎಂದು ದೊಡ್ಡಪ್ಪ ತೀರ್ಮಾನಿಸಿದ್ದರು. ಅವಳು ‘ಸರಿ’ ಎಂದು ಒಳಗೆ ಹೋಗಿ ಅಳುತ್ತಿದ್ದಳು. ಊಟಕ್ಕೆ ಕುಳಿತಾಗ ನಾನು ಧೈರ್ಯ ಮಾಡಿ, “ದೊಡ್ಡಪ್ಪ, ನನಗೆ ಬೇರೆ ಥರ ಅನ್ನಿಸ್ತದೆ” ಎಂದೆ. ಅಪ್ಪನ ಕೈಯ ತುತ್ತು ಅಲ್ಲೇ ನಿಂತಿತು.

“ಏನ್ ಅನ್ನಿಸ್ತದೆ?” ಎಂದರು ದೊಡ್ಡಪ್ಪ. “ಹೊಲ ಉಳೋದು ಬುಟ್ಟು ಬಂದೋರು ನಾವು. ಇವಳು ಕಾಲೇಜಿಗೋಗಿ ಅದನ್ನೇ ಕಲೀತಾಳಾ?”

“ಉಳೋದಲ್ಲ ದೊಡ್ಡಪ್ಪ. ಮಣ್ಣು, ಬೀಜ, ರೋಗ ಎಲ್ಲಾ ಓದ್ತಾಳೆ. ಊರಲ್ಲಿ ಬೆಳೆಗೆ ಏನಾದ್ರೂ ಆದ್ರೆ ಯಾರನ್ನ ಕೇಳೋದು ಅಂತ ನೀವೇ ಒದ್ದಾಡ್ತಿದ್ರಲ್ಲ.”

“ಹಾಸ್ಟೆಲಲ್ಲಿ ಇರಬೇಕಲ್ಲ?”

“ನಾನು ಅಷ್ಟು ದೂರ ಹೋಗಿ ಇದ್ದು ಬರ್ಲಿಲ್ವಾ?”

ಅವರು ಅಪ್ಪನ ಕಡೆ ತಿರುಗಿ, “ನೋಡ್ದೇನೋ? ನಾವು ಕಂಬಳಿ ಕೊಟ್ಟು ಕಳಿಸ್ಕೊಟ್ಟಿದ್ದು ಇದಕ್ಕೇ ಕಣೋ” ಎಂದರು. ಅಪ್ಪ ನಗಲೋ ಬೇಡವೋ ಎಂದು ನೋಡುತ್ತಿದ್ದಂತೆ ದೊಡ್ಡಪ್ಪನವರೇ ಮೊದಲು ನಕ್ಕರು. ಎಲ್ಲ ಸಲವೂ ಹೀಗೇ ಆಗುತ್ತದೆ ಎಂದು ಹೇಳಲಾರೆ. ಅವರು ಮುಖ ಗಂಟಿಕ್ಕಿಕೊಂಡು ಎದ್ದುಹೋದ ಸಂದರ್ಭಗಳೂ ಆಮೇಲೆ ಬಂದಿವೆ.

ಇದಾದ ಮೇಲೆ ನಮ್ಮ ಮನೆಯಲ್ಲಿ ಆಗಿರುವ ಬದಲಾವಣೆ ಇಷ್ಟು. ತಂಗಿ ಈಗ ಕೃಷಿ ಪದವಿಯ ಎರಡನೆಯ ವರ್ಷದಲ್ಲಿದ್ದಾಳೆ. ನನ್ನ ಸಂಬಳ ಮನೆಯ ಖರ್ಚಿಗೆ ಸೇರುತ್ತಿದೆ. ಯಾವುದೇ ದೊಡ್ಡ ವಿಷಯ ಬಂದಾಗ ದೊಡ್ಡಪ್ಪ ತೀರ್ಮಾನ ಹೇಳುವ ಮೊದಲು ಅಮ್ಮನನ್ನೂ ಸೇರಿಸಿ ಎಲ್ಲರ ಅಭಿಪ್ರಾಯ ಕೇಳುತ್ತಾರೆ, ಮತ್ತು ಅಮ್ಮ ತಮ್ಮ ಅಭಿಪ್ರಾಯವನ್ನು ಹೇಳುತ್ತಾರೆ.